ನೀರಿನೊಳಗಿನ ಮೀನಿಗೆ ನೀರು

ಆಗ ನನಗೆ ಅರವತ್ತೆಂಟು. ಅದಕ್ಕೀಗ ಆರು ವರ್ಷವಾಯಿತು. ನನ್ನ ಅಳಿಯನಿಗೆ ಹುಚ್ಚು ಎಂದು ನಾನು ತೀರ್ಮಾನಿಸಿದ್ದು ಆ ವರ್ಷವೇ. ನೀವೇ ಹೇಳಿ, ಅಜ್ಜನ ಕಾಲದಿಂದ ಕಡಲಿಗೆ ಬಲೆ ಬೀಸಿದ ಮನೆಯವನು ಮೀನನ್ನು ಜೀವಂತ ಕೊಂಡು ತಂದು, ತಿನ್ನದೆ ಸಾಕಿದರೆ ಅದಕ್ಕೆ ಬೇರೆ ಹೆಸರುಂಟೇ?

ಕುಲಶೇಖರದಲ್ಲಿರುವ ತನ್ನ ಮನೆಯಂಗಳದಲ್ಲಿ, ಕಾರು ನಿಲ್ಲುವ ಜಾಗದಲ್ಲೇ ತೊಟ್ಟಿ ಕಟ್ಟಿಸಿದ. ಕಾರಿಗೆ ರಸ್ತೆಯ ಬಿಸಿಲು, ಮೀನಿಗೆ ನೆರಳು! ಚಂದಕ್ಕೆ ಸಾಕುವ ಮೀನು, ಕೊಯ್ ಎಂದು ಹೆಸರಂತೆ. ಬಿಳಿ ಮೈಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಬೈಕಂಪಾಡಿಯ ಕೆಲಸದಿಂದ ಬಂದವನು ನನ್ನ ಮಗಳ ಮುಖಕ್ಕಿಂತ ಮೊದಲು ತೊಟ್ಟಿ ನೋಡುತ್ತಿದ್ದ. ಬಂಗುಡೆ ಮೀನು ಹುರಿಯುವಾಗ ಅಡುಗೆಮನೆಯ ಕಿಟಕಿ ಮುಚ್ಚಬೇಕು.

"ಅವಕ್ಕೆ ಬೇಜಾರಾಗ್ತದೆ ಅತ್ತೆ."

ತಾನು ಮಾತ್ರ ಮೂರು ಬಂಗುಡೆ ತಿನ್ನುತ್ತಿದ್ದ. ಆಗ ಯಾರಿಗೂ ಬೇಜಾರಿಲ್ಲ!

ಅದೇ ವರ್ಷ ನನ್ನ ಮೊಣಕಾಲು ಕೈಕೊಟ್ಟಿತು. ಮೀನು ಮಾರುವುದನ್ನು ಬಿಟ್ಟು ಮಗಳ ಮನೆಗೆ ಬಂದೆ. ಜೀವಮಾನವಿಡೀ ಬುಟ್ಟಿಯ ಹಿಂದೆ ಕೂತವಳಿಗೆ ಸುಮ್ಮನೆ ಕೂರಲು ಬರುತ್ತದೆಯೇ? ಸೌಟು ಹಿಡಿದರೆ ಮಗಳು, "ನೀನು ಕೂತ್ಕೋ ಅಮ್ಮ" ಎನ್ನುತ್ತಿದ್ದಳು. ಕೂತೆ. ಗೋಡೆ ನೋಡಿದೆ. ಒಂದು ದಿನ ಅಳಿಯ ಎದುರು ಬಂದು ನಿಂತ.

"ಅತ್ತೆ, ಒಂದು ಉಪಕಾರ ಆಗ್ಬೇಕು. ಈ ಮೀನುಗಳು ನನ್ನ ಕೈಯಿಂದ ತಿನ್ನುವುದಿಲ್ಲ."

"ಯಾಕೆ, ನಿನ್ನ ಕೈಗೆ ಎಂತ ಆಗಿದೆ?"

"ಗೊತ್ತಿಲ್ಲ. ನಿಮ್ಮ ಮಗಳ ಕೈಯಿಂದಲೂ ಇಲ್ಲ. ನೀವೊಮ್ಮೆ ಹಾಕಿ ನೋಡಿ."

ಹಾಕಿದೆ. ಬಾಯಿ ತೆರೆದುಕೊಂಡು ಓಡಿ ಬಂದವು! ಅಂದಿನಿಂದ ಬೆಳಿಗ್ಗೆ ಸಂಜೆ ಅದು ನನ್ನ ಕೆಲಸ. ಮಾರ್ಕೆಟಿನಲ್ಲಿ ಮೀನು ಒಣಗದ ಹಾಗೆ ನೀರು ಚಿಮುಕಿಸಿ ಚಿಮುಕಿಸಿ ಅಭ್ಯಾಸವಾದ ಕೈ, ತೊಟ್ಟಿಗೂ ಚಿಮುಕಿಸಿತು.

"ಅತ್ತೆ, ಅವು ನೀರಿನಲ್ಲೇ ಇರುವುದಲ್ವಾ!"

"ಇರ್ಲಿ ಮಾರಾಯ. ಹೊಳಪು ಬರ್ತದೆ."

ಮಳೆಗಾಲ ಮುಗಿದ ಮೇಲೆ ನಗರದಲ್ಲಿ ಕೊಯ್ ಸ್ಪರ್ಧೆ. ಎಲ್ಲಕ್ಕಿಂತ ಚಂದದ ಮೀನನ್ನು ನೀರು, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿಸಿ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಇಟ್ಟ. ಬಿಕರ್ನಕಟ್ಟೆಯಲ್ಲಿ ಕಾರು ನಿಲ್ಲಿಸಿ, ಇಳಿದು, ರಸ್ತೆಯ ಹೊಂಡದ ಆಳ ನೋಡಿ ಬಂದ! ಹೆರಿಗೆಗೆ ಹೆಂಡತಿಯನ್ನು ಕರೆದುಕೊಂಡು ಹೋದಾಗಲೂ ಅಷ್ಟು ಜಾಗ್ರತೆ ಮಾಡಿದವನಲ್ಲ.

ಅಲ್ಲಿ ಸಾಲು ಸಾಲು ನೀಲಿ ತೊಟ್ಟಿಗಳು. ನೀರಿಗೆ ಏನೂ ತಾಗಿಸಬಾರದೆಂದು ಕಟ್ಟಪ್ಪಣೆ. ತೀರ್ಪುಗಾರ ಹತ್ತಿರ ಬರುತ್ತಿದ್ದಾನೆ, ನಮ್ಮ ಮೀನು ಅಡಿಯಲ್ಲಿ ಮುನಿಸಿಕೊಂಡು ಮಲಗಿದೆ. ಅಳಿಯನ ಅಂಗಿ ಬೆವರಿಗೆ ಒದ್ದೆ.

"ಮಗುವಿನ ಹಾಗೆ ಸಾಕಿದ್ದೇನೆ ಅತ್ತೆ, ಇವತ್ತೇ ಮುಖ ತೋರಿಸುವುದಿಲ್ಲ!"

ನನಗೆ ತಡೆಯಲಾಗಲಿಲ್ಲ. ಕುಡಿಯುವ ಬಾಟ್ಲಿಯಿಂದ ಅಂಗೈಗೆ ನೀರು ಸುರಿದು ಒಂದು ಚಿಮುಕಿಸು ಚಿಮುಕಿಸಿದೆ. ಮೀನು ಬಾಣದ ಹಾಗೆ ಮೇಲೆ ಬಂತು. ತೀರ್ಪುಗಾರನ ಕನ್ನಡಕ ತೊಳೆಯಿತು!

"ಅಮ್ಮ, ನೀರಿಗೆ ಕೈ ಹಾಕಬಾರದು!" ಎಂದ ತೀರ್ಪುಗಾರ.

"ನಾನು ಎಲ್ಲಿ ಕೈ ಹಾಕಿದ್ದು? ಮೇಲಿಂದ ಹಾಕಿದ್ದು!"

ನಮ್ಮ ಮೀನನ್ನು ಸ್ಪರ್ಧೆಯಿಂದಲೇ ತೆಗೆದರು. ಅಳಿಯ ಬೈಯುತ್ತಾನೆಂದು ಕಾದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವು ಕರೆದ ಮೇಲೆ ಬರದೆ ಇರ್ತದಾ ಅತ್ತೆ?"

ಸಂಜೆ ಮನೆಗೆ ಬಂದರೆ ಮಗಳು ತೊಟ್ಟಿಯ ಬಳಿ ನಿಂತು ತಿನ್ನಿಸುತ್ತಿದ್ದಾಳೆ. ಮೀನುಗಳು ಅವಳ ಬೆರಳನ್ನೇ ನುಂಗುವಂತೆ ಮುತ್ತಿವೆ.

"ನಿನ್ನ ಕೈಯಿಂದ ತಿನ್ನುವುದಿಲ್ಲವಲ್ಲ?"

"ಯಾರು ಹೇಳಿದ್ದು? ನೀನು ಬರುವ ಮೊದಲು ನಾವೇ ಅಲ್ವಾ ಹಾಕ್ತಿದ್ದದ್ದು?"

ಹೌದಲ್ಲ! ಅದುವರೆಗೆ ಅವು ಬದುಕಿದ್ದು ಹೇಗೆಂದು ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ. ತಿರುಗಿ ನೋಡಿದೆ. ಅಳಿಯ ಕೈಯಲ್ಲಿದ್ದ ಚೀಲದೊಳಗಿನ ಮೀನನ್ನು, ಅದನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

ಆ ರಾತ್ರಿ ಊಟಕ್ಕೆ ಬಂಗುಡೆ ಹುರಿಯುವಾಗ ಎದ್ದು ಹೋಗಿ ಕಿಟಕಿ ಮುಚ್ಚಿದವಳು ನಾನೇ.

ಮರುದಿನ ಬೆಳಿಗ್ಗೆ ತೊಟ್ಟಿಯ ಹತ್ತಿರ ಹೋದೆ. ಅಳಿಯ ಮೀನಿನ ತಿಂಡಿಯ ಡಬ್ಬ ಹಿಡಿದು, ತಲೆ ಎತ್ತದೆ ನಿಂತಿದ್ದ. ಡಬ್ಬ ಕಿತ್ತುಕೊಂಡೆ.

"ದೂರ ನಿಲ್ಲು ಮಾರಾಯ. ನಿನ್ನ ಕೈಯಿಂದ ಅವು ತಿನ್ನುವುದಿಲ್ಲ."

ಆಮೇಲೆ ಅಂಗೈ ತುಂಬ ನೀರು ತೆಗೆದುಕೊಂಡು ಅವುಗಳ ಮೇಲೆ ಚೆನ್ನಾಗಿ ಚಿಮುಕಿಸಿದೆ.