ಗಾಡಿಯ ಕಾಲು

ಆವತ್ತು ಬೆಳಿಗ್ಗೆಯೂ ಎಂದಿನಂತೆ ಸ್ಕೂಟರನ್ನು ತಳ್ಳಿಕೊಂಡೇ ಹಾಲು ತಂದೆ. ರಾಜ್ಯದ ಗಡಿಯಾಚೆಗಿನ ನಮ್ಮ ಮತ್ತಿಗಿರಿಯ ಹಾಲಿನಂಗಡಿಯವರೆಗೆ ಚೆನ್ನಾಗಿಯೇ ಹೋಗುವ ಈ ಗಾಡಿ, ಅಲ್ಲಿ ನಿಲ್ಲಿಸಿದರೆ ವಾರಕ್ಕೆ ನಾಲ್ಕು ದಿನ ಮತ್ತೆ ಏಳುವುದಿಲ್ಲ. ಮೆಕ್ಯಾನಿಕ್ ಬ್ಯಾಟರಿ ಬದಲಾಯಿಸಿದ, ಪ್ಲಗ್ ಬದಲಾಯಿಸಿದ. ಕೊನೆಗೆ ನನ್ನ ಮುಖ ನೋಡಿ, ಗಾಡಿ ಚೆನ್ನಾಗಿಯೇ ಇದೆ ಮೇಡಂ ಎಂದು ತಮಿಳಿನಲ್ಲಿ ಹೇಳಿ ನಕ್ಕ. ನನ್ನ ತಮಿಳು ಅಷ್ಟಕ್ಕಷ್ಟೆ, ಆದರೆ ಅಂಥ ನಗು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಮನೆಗೆ ಬಂದು ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿದೆ. ಆಮೇಲೆ ಇವರು ಊರಲ್ಲಿಲ್ಲ ಎಂದು ನೆನಪಾಗಿ ಎರಡನ್ನೂ ನಾನೇ ಕುಡಿದೆ.

ಇವರು ನೇಪಾಳದಲ್ಲಿದ್ದರು. ಬೆಟ್ಟಗಳ ನಡುವೆ, ಬಾಡಿಗೆ ಬೈಕಿನಲ್ಲಿ, ಒಬ್ಬರೇ. ಫ್ಯಾಕ್ಟರಿಯ ಖರೀದಿ ವಿಭಾಗದಲ್ಲಿ ಕೂತು ಜೀವಮಾನವಿಡೀ ನಟ್ಟು ಬೋಲ್ಟಿಗೆ ಚೌಕಾಸಿ ಮಾಡಿದವರಿಗೆ ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಏಕಾಂತ ಬೇಕಾಯಿತು. "ನಾನು, ಗಾಡಿ, ಬೆಟ್ಟ. ಅಷ್ಟೇ. ಎಂಟು ದಿನ ನೀನು ಫೋನ್ ಮಾಡಬಾರದು" ಎಂದು ಅಪ್ಪಣೆಯಾಯಿತು. ಸ್ನಾನಕ್ಕೆ ಹೋದರೆ "ಟವಲ್ಲು!" ಎಂದು ಕೂಗದೆ ಒಂದು ದಿನವೂ ಹೊರಗೆ ಬಂದವರಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ.

ಸುಮ್ಮನೆ ಎಂದರೆ ಪೂರ್ತಿ ಸುಮ್ಮನೆಯಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು, ದೃಷ್ಟಿ ಗಿಷ್ಟಿ ನಂಬುವುದಿಲ್ಲ. ಆದರೆ ಒಂದು ಕಪ್ಪು ದಾರ ಎಷ್ಟು ಭಾರ? ಚೀಲದ ಮೂಲೆಯಲ್ಲಿಟ್ಟು, ಗಾಡಿಗೆ ಕಟ್ಟಿ ಎಂದೆ.

"ಹ್ಯಾಂಡಲ್‌ಗೆ ಕಟ್ಟಿದ್ರೆ ವಿದೇಶದವರೆಲ್ಲ ನೋಡಿ ನಗ್ತಾರೆ."

"ಹಾಗಾದ್ರೆ ಕಾಲಿಗೆ ಕಟ್ಟಿ. ಮಕ್ಕಳಿಗೂ ಕಾಲಿಗೇ ಅಲ್ವಾ ಕಟ್ಟೋದು?"

"ಗಾಡಿಗೆ ಎಲ್ಲಿಂದ ಬರುತ್ತೇ ಕಾಲು?"

"ಸೈಡ್ ಸ್ಟ್ಯಾಂಡು. ಅದು ನಿಂತ್ಕೊಳ್ಳೋದು ಅದರ ಮೇಲೆ ತಾನೆ?"

ಇವರು ಚೀಲದ ಜಿಪ್ ಎಳೆದರು. ತರ್ಕಬದ್ಧವಾಗಿ ಯೋಚಿಸುವುದನ್ನು ಕಲಿಸಿದ ಸಿಸ್ಟರುಗಳನ್ನು ನಾನು ಮನಸ್ಸಿನಲ್ಲೇ ವಂದಿಸಿದೆ. ನೇಪಾಳದಲ್ಲಿ ಗಾಡಿ ಸಿಕ್ಕ ದಿನ, ದಾರ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಒಂದು ಫೋಟೊ ಬಂತು. ಆಮೇಲೆ ಮೂರು ದಿನ ಏಕಾಂತ.

ನಾಲ್ಕನೆಯ ದಿನ, ಅಂದರೆ ಆವತ್ತು, ಮಧ್ಯಾಹ್ನ ಮೂರೂವರೆಗೆ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಮೊದಲು ಗಾಳಿ, ಆಮೇಲೆ ಹುಲ್ಲೂ ಇಲ್ಲದ ಬೋಳು ಬೆಟ್ಟ, ಆಮೇಲೆ ಇವರ ಕೆಂಪು ಮೂಗು.

"ಸ್ಟಾರ್ಟ್ ಆಗುತ್ತೆ ಕಣೇ, ಗೇರ್ ಹಾಕಿದ ತಕ್ಷಣ ಸಾಯುತ್ತೆ. ಇಲ್ಲಿ ಒಂದು ನರಪಿಳ್ಳೆಯಿಲ್ಲ. ಲಾಡ್ಜು ಇನ್ನೂ ಕೆಳಗಿದೆ. ಬಿಸಿಲು ಹೋದ್ರೆ ನಾನು ಇಲ್ಲೇ ಮರಗಟ್ಟಿ ಹೋಗ್ತೀನಿ."

ಏಕಾಂತ ಹೇಗಿದೆ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮೂಗು ನೋಡಿ, ಪೆಟ್ರೋಲ್ ಇದೆಯಾ ಎಂದೆ. ಇತ್ತು. ಸ್ವೆಟರ್ ಹಾಕಿದ್ದೀರಾ ಎಂದೆ. ಹಾಕಿದ್ದರು. ಗಾಡಿಯ ಬಗ್ಗೆ ನನ್ನ ಜ್ಞಾನ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಗೌರಿ ಮೊದಲನೇ ಶಿಫ್ಟ್ ಮುಗಿಸಿ, ಯೂನಿಫಾರಂನಲ್ಲೇ ಗೇಟಿನ ಹತ್ತಿರ ಬಂದಳು. ಬೈಕ್ ಫ್ಯಾಕ್ಟರಿಯಲ್ಲಿ ಗಾಡಿ ಜೋಡಿಸುವವಳು.

"ಯಾಕಕ್ಕಾ, ಮೊಕ ಹಿಂಗದೆ? ಅಣ್ಣನಾ? ಕೊಡಿ ಇಲ್ಲಿ." ಫೋನು ಅವಳ ಕೈಗೆ ಹೋಯಿತು. "ಅಣ್ಣಾ, ನಿಮ್ ಮೊಕ ತೋರಿಸ್ಬ್ಯಾಡಿ, ಗಾಡಿ ತೋರ್ಸಿ. ಕೆಳಕ್ಕೆ. ಇನ್ನೂ ಕೆಳಕ್ಕೆ. ಹಾ, ಸ್ಟ್ಯಾಂಡು ಪೂರ್ತಿ ಮ್ಯಾಕೆ ಹೋಗಿಲ್ಲ ನೋಡಿ. ಅದು ಕೆಳಗಿದ್ರೆ ಗೇರ್ ಹಾಕುತ್ಲೂ ಇಂಜಿನ್ ನಿಂತೋಯ್ತದೆ. ದಿನಾ ಆ ಸ್ವಿಚ್ ಕೂರ್ಸೋಳು ನಾನೇ. ಅದೇನದು, ಸಂದೀಲಿ ಕರ್ರಗೆ ಸುತ್ಕೊಂಡಿರೋದು? ಇಲಿ ಬಾಲನಾ?"

ಇವರು ಫೋನನ್ನು ಮತ್ತೆ ಮುಖಕ್ಕೆ ತಿರುಗಿಸಿ, ಬೆಟ್ಟದ ತುದಿಯಿಂದ ನನ್ನನ್ನೇ ನೋಡಿದರು. ನಾನು ಕಾಂಪೌಂಡಿನ ಮಲ್ಲಿಗೆ ಬಳ್ಳಿಯನ್ನು ನೋಡಿದೆ.

"ಕುಯ್ದು ಬಿಸಾಕಿ ಅಣ್ಣಾ!"

"ಕುಯ್ಯಬೇಡಿ, ಬಿಚ್ಚಿ!" ನನಗೇ ಗೊತ್ತಿಲ್ಲದೆ ಕಿರುಚಿದೆ.

"ಬೆರಳು ಮರಗಟ್ಟಿದೆ ಕಣೇ!"

"ಹಲ್ಲಿದೆಯಲ್ಲ!"

ಹೀಗೆ ನಮ್ಮ ಯಜಮಾನರು ಪರದೇಶದ ಪರ್ವತದಲ್ಲಿ ಅಂಗಾತ ಮಲಗಿ, ಬೈಕಿನ ಕಾಲಿಗೆ ಬಾಯಿ ಹಚ್ಚಿ, ಕೆಸರು ಮೆತ್ತಿದ ಗಂಟನ್ನು ಹಲ್ಲಿನಿಂದ ಬಿಚ್ಚಿದರು. ಇತ್ತ ನಮ್ಮ ಗೇಟಿನಲ್ಲಿ ಗೌರಿ, ಅವಳ ಅತ್ತೆ, ಇಸ್ತ್ರಿ ಅಂಗಡಿಯವರು, ಸೊಪ್ಪು ಮಾರುವವಳು ಎಲ್ಲರೂ ಒಂದೇ ಫೋನಿನೊಳಗೆ ತಲೆ ತೂರಿಸಿ ನಿಂತಿದ್ದರು. ಗೇರ್ ಬಿತ್ತು. ಇಂಜಿನ್ ಸಾಯಲಿಲ್ಲ. ಸೊಪ್ಪಿನವಳು ಚಪ್ಪಾಳೆ ತಟ್ಟಿದಳು. ಇವರು ಬಾಯೊಳಗಿನ ಮಣ್ಣು ಉಗುಳಿ, "ಇನ್ಮೇಲೆ ಯಾರೂ ಫೋನ್ ಮಾಡಬೇಡಿ" ಎಂದು ಗದರಿಸಿ ಫೋನಿಟ್ಟರು. ಮಾಡಿದ್ದು ಯಾರು ಎಂದು ಕೇಳಲು ನನಗೆ ಅವಕಾಶವೇ ಸಿಗಲಿಲ್ಲ.

ಸಂಜೆ ಲಾಡ್ಜಿನಿಂದ ಒಂದು ಬಟ್ಟಲು ಸೂಪಿನ ಫೋಟೊ ಬಂದ ಮೇಲೆ ನನಗೆ ಜೀವ ಬಂತು, ಜೀವದ ಜೊತೆ ಮಾತೂ ಬಂತು. ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದ ಗೌರಿಗೆ ಕಾಂಪೌಂಡಿನ ಈಚೆಯಿಂದ ವಿವರಿಸಿದೆ: "ಒಂದು ಲೆಕ್ಕದಲ್ಲಿ ದಾರ ಒಳ್ಳೇದೇ ಮಾಡ್ತು ಗೌರಿ. ಗಾಡಿ ಅಲ್ಲಿ ನಿಲ್ಲದೆ ಮುಂದೆ ಹೋಗಿದ್ದಿದ್ರೆ ಏನಾಗ್ತಿತ್ತೋ, ಯಾರಿಗೆ ಗೊತ್ತು?"

ಗೌರಿ ಬಾಯಲ್ಲಿದ್ದ ಕ್ಲಿಪ್ಪು ತೆಗೆದು, ನಮ್ಮ ಅಂಗಳದ ಕಡೆ ಹಾಗೇ ಒಮ್ಮೆ ಕಣ್ಣಾಡಿಸಿದಳು.

"ಅದಿರ್ಲಿ ಅಕ್ಕಾ, ನಿಮ್ ಸ್ಕೂಟರ್ ಸ್ಟ್ಯಾಂಡ್‌ಗೂ ಒಂದು ಕರೀ ದಾರ ಸುತ್ಕೊಂಡದೆ ನೋಡಿ. ದಿನಾ ತಳ್ಕೊಂಡ್ ಬತ್ತೀರಲ್ಲ, ಡಾಕ್ಟ್ರು ಏನೋ ವಾಕಿಂಗ್ ಮಾಡಕ್ಕೆ ಹೇಳವ್ರೆ ಅಂದ್ಕೊಂಡಿದ್ದೆ."