ಬೂಷ್ಟಿನ ಮಾತ್ರೆ

ಸುಗಟೂರಿನ ಗಂಗುಲಪ್ಪ ಬೆಳಿಗ್ಗೆ ಹಾಲಿನ ಡೇರಿ ಮುಂದೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಸಂಜೆ ತಿಪ್ಪೆಗೆ ಇಳಿಯುವ ಕರ್ಮ ಬರುತ್ತಿರಲಿಲ್ಲ.

"ನನ್ನ ಮಾತ್ರೆ ಯಾತರಿಂದ ಮಾಡ್ತಾರೆ ಗೊತ್ತೇನ್ರೋ? ಮಣ್ಣಿನ ಬೂಷ್ಟಿಂದ! ಹೆಂಡ್ತಿ ಕೊಟ್ಟ ಕಿಡ್ನೀನ ನನ್ನ ಮೈ ಕಳ್ಳ ಅಂದ್ಕೊಂಡು ಕಚ್ಚಕ್ಕೆ ಹೋಗ್ತದೆ. ಕಾವಲುನಾಯೀನ ಮಲಗಿಸ್ದಂಗೆ ಈ ಮಾತ್ರೆ ಅದನ್ನ ಸುಮ್ಮನಿರಿಸ್ತದೆ. ಹೊತ್ತು ತಪ್ಪಿದ್ರೆ ಕಿಡ್ನಿ ಗೋವಿಂದ!"

ಹಾಲು ಹಾಕಲು ಬಂದಿದ್ದ ಅತ್ತಿಗೆ ಅಕ್ಕಯಮ್ಮನ ಕಿವಿಗೆ ಬಿದ್ದದ್ದು 'ಬೂಷ್ಟು' ಒಂದೇ. ಇಬ್ಬರದೂ ಒಂದೇ ಮನೆ; ಅದೇ ಸೂರಿನಡಿ ಆಕೆಯ ರೇಷ್ಮೆಹುಳಗಳು ಗೂಡು ಕಟ್ಟಲು ತಯಾರಾಗಿದ್ದವು. ಬೂಷ್ಟು ತಗುಲಿದರೆ ಹುಳವೆಲ್ಲ ಸೀಮೆಸುಣ್ಣದ ಕಡ್ಡಿಯಾಗಿ ಸೆಟೆದು ಸಾಯುತ್ತವೆ.

ಸಂಜೆ ಮಾತ್ರೆ ಹೊತ್ತಿಗೆ ಡಬ್ಬಿ ಮಾಯ! ಕೋಲಾರಕ್ಕೆ ಹೋಗಿದ್ದ ಹೆಂಡತಿ ಸುನಂದ ಫೋನ್ ಎತ್ತಲಿಲ್ಲ. ಗಂಗುಲಪ್ಪ ಅತ್ತಿಗೆಯ ಬಾಗಿಲಿಗೆ ಓಡಿದ.

"ಅತ್ತಿಗೆ, ನನ್ನ ಡಬ್ಬಿ ನೋಡಿದ್ರಾ?"

"ಇಕ್ಕಳದಲ್ಲಿ ಹಿಡ್ದು, ಸುಣ್ಣ ಹೊಯ್ದು, ತಿಪ್ಪೇಲಿ ಹೂತಿದೀನಪ್ಪ. ನನ್ನ ಹುಳ ಸತ್ರೆ ನೀನು ಬಂದು ಗೂಡು ಕಟ್ತೀಯಾ?"

ಗಂಗುಲಪ್ಪ ತಿಪ್ಪೆಗೆ ಹಾರಿದ. ಜಗಲಿಯಿಂದ ಪಕ್ಕದ ಮನೆ ಅಶ್ವತ್ಥಪ್ಪ ಕೂಗಿದ: "ಲೇ, ಮಣ್ಣಿಂದ್ಲೇ ಮಾಡೋದು ಅಂದ್ಯಲ್ಲ! ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕ್ಕೊಂಡು ನೀರು ಕುಡಿ ಕಣೋ!"

ಮೊಣಕೈವರೆಗೂ ಕೆದಕಿದ ಮೇಲೆ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದ. ಖಾಲಿ! ಸುನಂದ ಕೊಟ್ಟ ಕಿಡ್ನಿಗೆ ಈಗ ಯಾರು ಜವಾಬು ಹೇಳೋದು? ಗಂಗುಲಪ್ಪ ಮತ್ತೆ ತಿಪ್ಪೆ ಕೆದಕತೊಡಗಿದ.

ಅಷ್ಟರಲ್ಲಿ ಬಸ್ಸಿಳಿದು ಓಡಿಬಂದ ಸುನಂದ, ಸೊಂಟದ ಚೀಲದಿಂದ ಮಾತ್ರೆ ತೆಗೆದು ಸೀದಾ ಅವನ ಬಾಯಿಗೇ ಹಾಕಿದಳು. "ಬೆಳಿಗ್ಗೆ ಅಕ್ಕ ಡಬ್ಬೀನೇ ದುರುಗುಟ್ಟಿ ನೋಡ್ತಿದ್ರು. ಅದಕ್ಕೇ ಮಾತ್ರೆ ಜೊತೇಲೇ ಒಯ್ದಿದ್ದೆ."

ಗಂಗುಲಪ್ಪನಿಗೆ ಹೋದ ಜೀವ ಬಂತು. ಸುನಂದಳ ಕಣ್ಣು ಅವನ ಕೈ ಮೇಲೆ ಬಿತ್ತು.

"ರೀ! ಈ ಮಾತ್ರೆ ತಗೊಳ್ಳೋರು ತಿಪ್ಪೆ ಕೆದಕ್ಬಾರ್ದು, ಅಲ್ಲಿನ ಬೂಷ್ಟು ಎದೆಗಿಳಿದ್ರೆ ತಡೆಯೋ ನಾಯಿ ಮಲಗಿರ್ತದೆ ಅಂತ ಡಾಕ್ಟ್ರು ಬಡ್ಕೊಂಡಿರ್ಲಿಲ್ವಾ?"

ವಾಪಸ್ ಹೊರಟ ಅದೇ ಬಸ್ಸಲ್ಲಿ ಕೋಲಾರಕ್ಕೆ. ತಪ್ಪು ನನ್ನದೇ ಎಂದು ಕಣ್ಣೊರೆಸುತ್ತಾ ಅಕ್ಕಯಮ್ಮನೂ ಹತ್ತಿದಳು.

ಡಾಕ್ಟರು ಪರೀಕ್ಷೆ ಮಾಡಿ, "ಮುಂಜಾಗ್ರತೆಗೆ, ಬೂಷ್ಟನ್ನ ಕೊಲ್ಲೋಕೆ ದಿನಾ ಒಂದು ಇಂಜೆಕ್ಷನ್. ಔಷಧಿ ಫ್ರಿಜ್ಜಲ್ಲೇ ಇಡಬೇಕು" ಎಂದರು.

ಮನೆಯಲ್ಲಿ ಫ್ರಿಜ್ಜು ಇದ್ದದ್ದು ಅಕ್ಕಯಮ್ಮನ ಕಡೆ ಮಾತ್ರ. "ಅದಕ್ಕೇನಂತೆ, ದೇವರ ಪಕ್ಕದಲ್ಲಿ ಇಟ್ಟಂಗೆ ಇಟ್ಕೊತೀನಿ. ಇದು ಯಾತರಿಂದ ಮಾಡಿದ್ದು ಡಾಕ್ಟ್ರೆ?"

ಬೇಡ, ಬೇಡ ಎಂದು ಗಂಗುಲಪ್ಪ ಹಿಂದಿನಿಂದ ಎರಡೂ ಕೈ ಬೀಸಿದ. ಡಾಕ್ಟರ ಮುಖ ಅರಳಿತು.

"ಅದೇ ಸೋಜಿಗ ನೋಡಮ್ಮ. ಇದೂ ಬೂಷ್ಟಿಂದ್ಲೇ!"

ಅಕ್ಕಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಮೇಜಿನ ತಟ್ಟೆಯಲ್ಲಿದ್ದ ಆಸ್ಪತ್ರೆಯ ಇಕ್ಕಳದ ಕಡೆ ನೋಡಿದಳು.