ಮಾಮಾನ ಮುಖದ ಮೋಜಣಿ

ನಮ್ಮ ಮಾಮಾನಿಗೆ ತನ್ನ ಮುಖದ ಮೇಲೆ ಇದ್ದಷ್ಟು ಅನುಮಾನ ಪೊಲೀಸರಿಗೆ ಕಳ್ಳರ ಮೇಲೂ ಇರಲಿಕ್ಕಿಲ್ಲ! ಬೇರೆಯವರು ಕನ್ನಡಿ ನೋಡುವುದು ತಲೆ ಬಾಚಲಿಕ್ಕೆ, ದಾಡಿ ಮಾಡಿಕೊಳ್ಳಲಿಕ್ಕೆ. ಮಾಮಾ ನೋಡುತ್ತಿದ್ದದ್ದು ವಿಚಾರಣೆಗೆ. ‘ಈ ಮೂಗು ಯಾರದು? ಈ ಗದ್ದ ಎಲ್ಲಿಂದ ಬಂತು?’ ಎಂದು ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಇನ್ನೊಬ್ಬ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ತಿಳಿಸಿ, ಇಬ್ಬರನ್ನೂ ಎದುರುಬದುರು ಕೂಡಿಸಿ ಬಾಗಿಲು ಹಾಕಿಕೊಂಡು ಬಂದುಬಿಡೋಣ.

ಮಾಮಾ ಎಂದರೆ ನಮ್ಮವ್ವನ ಒಬ್ಬನೇ ತಮ್ಮ. ಹೊಲ ಅಳೆಯುವ ಸರ್ಕಾರಿ ನೌಕರಿ. ನಮ್ಮ ಕಡೆ ಅದಕ್ಕೆ ಮೋಜಣಿ ಎನ್ನುತ್ತಾರೆ. ಲೋಂಡಾದ ಕಾಡಂಚಿನಿಂದ ದೇಸೂರಿನ ಗದ್ದೆಗಳವರೆಗೆ ಸರಪಳಿ ಹಿಡಿದು ನಡೆದವನು. ಯಾವ ಬದುವಿನ ಮೇಲೆ ಯಾವ ಅಣ್ಣತಮ್ಮಂದಿರು ಕುಡಗೋಲು ಎತ್ತಿದರು ಎಂಬುದು ಬಾಯಿಪಾಠ. ಅಳೆಯುವ ಚಟ ಮನೆಗೂ ಬಂದಿತ್ತು. ಮಾಮಿ ಹೋಳಿಗೆ ಬಡಿಸಿದರೆ ತಟ್ಟೆ ತಿರುಗಿಸಿ ನೋಡಿ, “ಮೂಡಲ ದಿಕ್ಕಿನ್ಯಾಗ ಅತಿಕ್ರಮಣ ಆಗೈತಿ” ಎನ್ನುತ್ತಿದ್ದ. “ತಿಂದ ಮ್ಯಾಲೆ ಎಲ್ಲಾ ಸಪಾಟ ಆಗತೈತಿ, ಉಣ್ರಿ” ಎಂದು ಮಾಮಿ ತುಪ್ಪ ಸುರಿಯುತ್ತಿದ್ದಳು.

ಆದರೆ ಮುಖದ ಮೇಲಿನ ಅನುಮಾನ ಸುಮ್ಮನೆ ಬಂದದ್ದಲ್ಲ. ನಮ್ಮ ಅಜ್ಜ, ಅಂದರೆ ಮಾಮಾನ ಅಪ್ಪ, ಒಂದೂ ಫೋಟೋ ತೆಗೆಸಿಕೊಳ್ಳದೆ ತೀರಿಕೊಂಡ. ಆಗಿನ ರೂಢಿ ಹೀಗಿತ್ತು: ಸತ್ತವರ ಫೋಟೋ ಇಲ್ಲದಿದ್ದರೆ ಚಿತ್ರಗಾರನನ್ನು ಮನೆಗೆ ಕರೆಸುವುದು. ಆತ ಸತ್ತವರನ್ನು ಹೋಲುವ ಮಗನನ್ನು ಎದುರಿಗೆ ಕೂಡಿಸಿಕೊಂಡು ಬರೆಯುವುದು. ಉಳಿದದ್ದನ್ನು ಹಿರಿಯರ ಬಾಯಿಂದ ಕೇಳಿ ತುಂಬುವುದು. ಹಾಗೆ ಇಪ್ಪತ್ತೆರಡರ ಮಾಮಾ ಮೂರು ದಿನ ಅಲುಗಾಡದೆ ಕುಳಿತ. ಚಿತ್ರಗಾರ ಆತನಿಗೊಂದು ರುಮಾಲು ಸುತ್ತಿದ, ಗಿರಿಜಾ ಮೀಸೆ ಅಂಟಿಸಿದ, ಹಣೆ ತುಂಬ ವಿಭೂತಿ ಬಳಿದ, ಹುಬ್ಬಿಗೆ ಬಿಳಿ ಹಚ್ಚಿದ. ಅಜ್ಜ ತಯಾರು! ಅಂದಿನಿಂದ ಮಾಮಾನ ಪಡಸಾಲೆಯಲ್ಲಿ ಹಾರ ಹಾಕಿಸಿಕೊಂಡು ತೂಗುತ್ತಿರುವುದು ಖುದ್ದು ಮಾಮಾನೇ.

ಮಾಮಿಯ ಪಾಡು ಕೇಳಬೇಕು. “ಮುಂಜಾನೆ ಎದ್ದು ಊದಿನಕಡ್ಡಿ ಬೆಳಗೋದೂ ಇವರಿಗಽ, ಆಮ್ಯಾಲೆ ದಿನಾಪೂರ್ತಿ ಬಯ್ಯೋದೂ ಇವರಿಗಽ. ಯಾವ ಹೆಂಗಸಿಗೂ ಈ ಪಾಳಿ ಬರಬಾರದು ನೋಡಪಾ!”

ಎರಡು ಸಾವಿರದ ಇಸವಿಯ ಆಚೀಚೆ ಮಾಮಾ ನಿವೃತ್ತನಾದ. ಫ್ರಿಜ್ ಬರುತ್ತದೆಂದು ಮಾಮಿ ಅಡುಗೆಮನೆಯಲ್ಲಿ ಜಾಗ ಮಾಡಿಕೊಂಡು ಕಾದಿದ್ದಳು. ಬಂದದ್ದು ಕಂಪ್ಯೂಟರ್! ಆಕೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದರಾಗ ಹಾಲ ಇಟ್ಟರ ಎಷ್ಟ ದಿವಸ ತಡೀತೈತಿ?” ಎಂದು ಕೇಳಿದಳಂತೆ. ಮಾಮಾ ಒಂದು ವಾರ ಮಾತಾಡಲಿಲ್ಲ. ಮಾತಾಡಲು ಪುರಸೊತ್ತಾದರೂ ಎಲ್ಲಿತ್ತು? ಪೆಟ್ಟಿಗೆಯೊಳಗೆ ಚಿತ್ರ ಬರೆಯುವ ಸೌಲಭ್ಯ ಇದೆಯೆಂಬುದು ಆತನಿಗೆ ಗೊತ್ತಾಗಿಬಿಟ್ಟಿತ್ತು.

ನಾನಾಗ ಬೆಳಗಾವಿಯ ಒಂದು ಕಚೇರಿಯಲ್ಲಿ ಕಾರಕೂನ. ಖಾನಾಪುರದ ನಮ್ಮ ಮನೆಯಿಂದ ದಿನವೂ ರೈಲು ಗಾಡಿಯಲ್ಲಿ ಬಂದುಹೋಗುವವನು. ಸಂಜೆಯ ಗಾಡಿಗೆ ಹೊತ್ತಿದ್ದರೆ ಕೋಟೆಯ ಹತ್ತಿರದ ಮಾಮಾನ ಮನೆಗೆ ಚಹಾಕ್ಕೆ ಹೋಗುತ್ತಿದ್ದೆ. ಒಂದು ದಿನ ಹೋಗಿ ನೋಡಿದರೆ, ದಾಡಿಯ ಕನ್ನಡಿಯನ್ನು ಸುತಳಿಯಿಂದ ಪರದೆಯ ಬಾಜೂ ಕಟ್ಟಿಕೊಂಡು, ಒಂದು ಕೈಯಲ್ಲಿ ಪಟ್ಟಿಯಿಂದ ತನ್ನ ಮೂಗು ಅಳೆಯುತ್ತ, ಇನ್ನೊಂದು ಕೈಯಲ್ಲಿ ಮೌಸು ಆಡಿಸುತ್ತ ಕುಳಿತಿದ್ದಾನೆ. ಪರದೆಯ ಮೇಲೆ ಬಟಾಟೆಯಂಥ ಒಂದು ಗೆರೆ. “ಇದು ನಾನು” ಎಂದ. ಆ ಮಾತನ್ನು ಅಲ್ಲಗಳೆಯಲು ನಾನು ಯಾರು?

ಮುಖದ ಗೆರೆ ಮುಗಿಸಿ, ಒಳಗೆ ಬಣ್ಣ ಸುರಿಯುವ ಡಬ್ಬಿಯ ಗುರುತನ್ನು ಒತ್ತಿದ. ಎಡಗಿವಿಯ ಹತ್ತಿರ ಗೆರೆ ಕೂಡಿರಲಿಲ್ಲ. ಕಣ್ಣು ಪಿಳುಕಿಸುವುದರೊಳಗೆ ಗೋಧಿಬಣ್ಣ ಆ ಸಂದಿಯಿಂದ ಹೊರಗೆ ನುಗ್ಗಿ ಇಡೀ ಪರದೆಯೇ ಮಾಮಾ ಆಗಿಹೋಯಿತು! ನಾನು ಚಹಾ ಚೆಲ್ಲಿಕೊಂಡು ನಕ್ಕೆ. ಮಾಮಾ ಮಾತ್ರ ಗಂಭೀರ.

“ಬದು ಒಡದೈತಿ, ಅಳಿಯಾ. ಕಿವಿ ಕಡೆ ಗಡಿ ಕಲ್ಲ ಹಾಕೋದು ಮರತೇನಿ.”

“ನಿನ್ನ ಮಾರಿ ನಿನಗ ಗೊತ್ತಽ ಐತೆಲ್ಲೊ ಮಾಮಾ. ಅದನ್ನ ಯಾಕ ಬರೀತಿ?”

“ನಾ ನನ್ನ ಬರಿಯಾಕತ್ತಿಲ್ಲಲೇ, ಹಿಸ್ಸಾ ಮಾಡಾಕತ್ತೇನಿ. ಅಪ್ಪನ್ನ ಇದಽ ಮಾರಿಯಿಂದ ತಗದರು, ಹೌದಿಲ್ಲೊ? ಅಂದಮ್ಯಾಲೆ ಇದರಾಗ ಅಪ್ಪನ ಪಾಲು ಕಳದರ ಉಳಿಯೋದು ಯಾರದು?”

“ಯಾರದು?”

“ನಮ್ಮವ್ವಂದು.”

ನನ್ನ ನಗು ಅಲ್ಲಿಗೆ ನಿಂತಿತು. ಮಾಮಾನ ಅವ್ವ ತೀರಿಕೊಂಡಾಗ ಮಾಮಾನಿಗೆ ಎರಡು ವರ್ಷ, ಆಕೆಗೆ ಇಪ್ಪತ್ತೈದೋ ಇಪ್ಪತ್ತಾರೋ. ಫೋಟೋ ಇಲ್ಲ. ಹೆಂಗಸರ ಚಿತ್ರ ಬರೆಸುವ ವಿಚಾರ ಯಾರಿಗೂ ಹೊಳೆದಿರಲಿಲ್ಲ. ಆಕೆಯ ಮುಖ ಕಂಡವರು ಉಳಿದದ್ದು ಒಬ್ಬರೇ, ನಮ್ಮವ್ವ. ಆಗ ಒಂಬತ್ತು ವರ್ಷದವಳು, ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಆಕೆಯ ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನ ದೃಷ್ಟಿಯೂ ಸುತ್ತಲಿಂದ ಮುಚ್ಚುತ್ತ ಬರುತ್ತಿದೆ, ಹನಿ ಹಾಕಿ ತಡೆಯಬಹುದೇ ಹೊರತು ಹೋದದ್ದನ್ನು ತರಲಾಗದು ಎಂದು ಡಾಕ್ಟರರು ಹೇಳಿಬಿಟ್ಟಿದ್ದರು. ಆ ಒಂದು ಕಣ್ಣು ಇರುವುದರೊಳಗೆ ಆಕೆ ಒಂದು ಚಿತ್ರ ನೋಡಿ ‘ಹೌದು, ಇದೇ ಅವ್ವ’ ಅನ್ನಬೇಕು. ಮಾಮಾನ ಹಟ ಅದು.

“ಮೋಜಣಿ ಅಂದಮ್ಯಾಲೆ ಗಡಿ ತೋರಸಾಕ ಊರಿನ ಹಿರೇರು ಒಬ್ಬರು ಬೇಕು. ನನ್ನ ಮಾರಿಗೆ ನಿಮ್ಮವ್ವನಽ ಹಿರೇಕಿ” ಎಂದ. ಹೀಗೆ ಪ್ರತಿ ಭಾನುವಾರ ಮಾಮಾ ತನ್ನ ಮುಖ ತಾನೇ ಹೊತ್ತುಕೊಂಡು ಖಾನಾಪುರಕ್ಕೆ ಬರುವುದು ಸುರುವಾಯಿತು.

ಮೊದಲು ‘ಮೂಲ ನಕಾಶೆ’, ಅಂದರೆ ಮಾಮಾ ಇದ್ದಂತೆ ಮಾಮಾ. ಆಮೇಲೆ ಒಂದೊಂದೇ ತಿದ್ದಿ ಅದರಿಂದ ತನ್ನ ಅವ್ವನನ್ನು ಹೊರಗೆ ತೆಗೆಯುವುದು. ಸರಿಯಾದ ಕ್ರಮವೇ. ಆದರೆ ಮನುಷ್ಯನ ಗುಣ ತಿಳಿಯಬೇಕಾದರೆ ಅವನ ಕೈಗೆ ಅವನ ಮುಖವನ್ನೂ ಅಳಿಸುವ ರಬ್ಬರನ್ನೂ ಒಟ್ಟಿಗೆ ಕೊಟ್ಟು ನೋಡಬೇಕು! ಸರ್ಕಾರಿ ನಕಾಶೆಯಲ್ಲಿ ಒಂದು ಗೆರೆ ಆಚೀಚೆ ಮಾಡದ ಪ್ರಾಮಾಣಿಕ ನೌಕರ ತನ್ನ ಬೋಳುತಲೆಯ ಮೇಲೆ ಬಣ್ಣ ಸಿಂಪಡಿಸಿ ಸೊಂಪಾದ ಕೂದಲು ಬೆಳೆಸಿದ್ದ. ಮೂಗಿನ ಪಕ್ಕದ ನರಹುಲಿ ರಾತ್ರೋರಾತ್ರಿ ಮಾಯವಾಗಿತ್ತು.

ನಮ್ಮವ್ವ ಕಾಗದವನ್ನು ಎಡಗಣ್ಣಿನ ಹತ್ತಿರ ಹಿಡಿದು, “ಇಂವ ಯಾವ?” ಎಂದಳು.

“ನಾನಽ, ಅಕ್ಕಾ.”

“ಇಷ್ಟ ಕೂದಲಾ ನಿನಗ ನಿನ್ನ ಲಗ್ನದಾಗೂ ಇದ್ದಿದ್ದಿಲ್ಲ. ಕಣ್ಣ ನನಗ ಕಮ್ಮಿ ಕಾಣತಾವ ಅಂತ ಏನರ ತೋರಸ್ತೀಯೇನೋ? ಹೋಗು, ಖರೇ ಬರಕೊಂಡ ಬಾ.”

ಮುಂದಿನ ಭಾನುವಾರ ತಲೆ ಬೋಳಾಗಿ ಬಂತು. ನರಹುಲಿ ಬರಲು ಮಾತ್ರ ಇನ್ನೂ ಎರಡು ವಾರ ಹಿಡಿಯಿತು.

ಮಾಮಾನ ಹತ್ತಿರ ಬಣ್ಣದಲ್ಲಿ ಅಚ್ಚು ಹಾಕುವ ಯಂತ್ರ ಇರಲಿಲ್ಲ. ಫ್ಲಾಪಿಯನ್ನು ಊಟದ ಡಬ್ಬಿಯಲ್ಲಿಟ್ಟು, ಲಗ್ನಪತ್ರಿಕೆ, ಶ್ರದ್ಧಾಂಜಲಿ ಮಾಡಿಕೊಡುವ ಅಂಗಡಿಗೆ ಒಯ್ಯುತ್ತಿದ್ದ. ಅಂಗಡಿಯವನು ಮರಾಠಿ ಮಾತಿನ ಮನುಷ್ಯ, ಬಲು ಮರ್ಯಾದಸ್ಥ. ಆತನ ಕಸುಬಿನಲ್ಲಿ ಒಬ್ಬನೇ ಮುದುಕಪ್ಪನ ಚಿತ್ರ ಅಚ್ಚಿಗೆ ಬಂತೆಂದರೆ ಅರ್ಥ ಒಂದೇ. ಪರದೆಯಿಂದ ಕಣ್ಣು ತೆಗೆಯದೆ, ದನಿ ತಗ್ಗಿಸಿ ಕೇಳಿದ:

“ಛೆ ಛೆ, ಮಾರಿ ಛಾನ್ ಆಹೆ, ಭಾಳ ಛಂದ! ಯಾವಾಗ ತೀರಕೊಂಡರ್ರಿ ಇವರು?”

“ಇನ್ನೂ ವಿಚಾರ ಮಾಡಿಲ್ಲರಿ” ಎಂದ ಮಾಮಾ.

ಅಂಗಡಿಯವನು ತಿರುಗಿ ನೋಡಿದ, ಪರದೆ ನೋಡಿದ, ಮತ್ತೆ ತಿರುಗಿ ನೋಡಿ ಕುರ್ಚಿ ಹಿಂದಕ್ಕೆ ಸರಿಸಿಕೊಂಡ. ಆದರೆ ಕೈ ರೂಢಿ ಬಿಡುತ್ತದೆಯೇ? ಹೊರಗೆ ಬಂದ ಪ್ರತಿಗೆ ಕಪ್ಪು ಅಂಚು, ಮೂಲೆಯಲ್ಲಿ ಎರಡು ದೀಪ, ಕೆಳಗೆ ‘ದುಃಖತಪ್ತ ಕುಟುಂಬದವರು’! ಇನ್ನೊಂದು ತೆಗೆಸಲು ಗಾಡಿಗೆ ಹೊತ್ತಾಗಿತ್ತು. ಮಾಮಾ ಅದನ್ನೇ ತಂದ. ನಮ್ಮವ್ವ ಪರೀಕ್ಷಿಸಿ, “ದೀಪ ಛಲೋ ಬಂದಾವ. ಮಾರಿ ಅಷ್ಟಽ ಸುಮಾರ” ಎಂದಳು.

ಮೂಲ ನಕಾಶೆ ಪಾಸಾದ ಮೇಲೆ ಮಾಮಾನ ಅವ್ವನನ್ನು ತೆಗೆಯುವ ಕೆಲಸ. ನಡುಬೈತಲೆ ಬಂತು, ತಲೆಯ ಮೇಲೆ ಸೆರಗು ಬಂತು, ಮೂಗಿಗೆ ನತ್ತು ಬಂತು. ಆಮೇಲೆ ಸುಕ್ಕು ಒಂದೊಂದೇ ಅಳಿಸಿ, ಗಲ್ಲ ತುಂಬಿಸಿ, ಐವತ್ತೆಂಟು ವರ್ಷದ ಮುಖವನ್ನು ಇಪ್ಪತ್ತೈದಕ್ಕೆ ಇಳಿಸುವುದು. ಅಂಥ ಒಂದು ಚಿತ್ರ ಮಾಮಾನ ಮನೆಯ ಮೇಜಿನ ಮೇಲಿದ್ದಾಗ ಓಣಿಯ ಒಬ್ಬ ಹೆಂಗಸು ಹಿಟ್ಟಿನ ಬಟ್ಟಲು ವಾಪಸು ಕೊಡಲು ಬಂದಳು. ಗಂಡು ಹೆಣ್ಣು ಕೂಡಿಸುವುದರಲ್ಲಿ ಎತ್ತಿದ ಕೈ ಆಕೆ.

“ಯಾರ ಮನಿ ಹುಡುಗಿ ಬೇ ಇದು? ಹಾಡಿನಂಥಾ ಕಣ್ಣು! ನಮ್ಮ ಅಣ್ಣನ ಮಗಗ ಕೇಳೂಣೇನು?”

“ಕೇಳ್ರಿ” ಎಂದಳು ಮಾಮಿ, ರೊಟ್ಟಿ ಬಡಿಯುತ್ತ. “ಗುಣಾ ಬೇಷ ಐತಿ. ದಿನಾ ಮುಂಜಾನೆ ದಾಡಿ ಮಾಡಿಕೋಬೇಕ ಅಷ್ಟಽ.”

ಓಣಿಯವರು ಮೆಚ್ಚಿದರೇನು ಬಂತು? ಹಿರೇಕಿ ಒಪ್ಪಬೇಕಲ್ಲ! ಒಂದು ವಾರ ಮೂಗು ಉದ್ದವಾಯಿತು, ಇನ್ನೊಂದು ವಾರ ತುಟಿ ದಪ್ಪವಾಯಿತು. ಒಂದು ಸಲ ಮಾಮಾ ರೇಗಿದ.

“ಹ್ವಾದ ವಾರ ಗಲ್ಲಾ ತುಂಬಿದ್ದುವು ಅಂದಿ. ಈಗ ಒಳಗ ಹೋಗಿದ್ದುವು ಅಂತಿ. ಯಾವುದನ್ನ ನಂಬಲಿ ಅಕ್ಕಾ? ಸಾಕ್ಷಿ ಹಿಂಗ ತಿರಗಿದರ ಕೇಸ್ ನಿಲ್ಲತೈತೇನು?”

“ಹ್ವಾದ ವಾರ ನಾ ಸುಗ್ಗಿಯಾಗಿನ ಅವ್ವನ್ನ ನೆನಸಿದ್ದೆ” ಎಂದಳು ನಮ್ಮವ್ವ. “ನಿನ್ನೆ ಜಡ್ಡಿನ್ಯಾಗಿನ ಅವ್ವ ನೆನಪಾದ್ಲು. ನಾ ಏನ ಮಾಡ್ಲೆಪಾ?”

ಮಾಮಾ ಎರಡನ್ನೂ ಬರೆದು ತಂದ. ಎರಡೂ ಅಲ್ಲ ಎಂದಳು. ಬರಬರುತ್ತ ಆಕೆ ಚಿತ್ರ ನೋಡುವ ಹೊತ್ತು ಹೆಚ್ಚಾಯಿತು. ಒಮ್ಮೆಲೇ ಇಡೀ ಮುಖ ಆಕೆಯ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಕಾಗದವನ್ನು ಮೇಲೆ ಕೆಳಗೆ ಸರಿಸಿ, ಹಣೆ ಬೇರೆ, ಮೂಗು ಬೇರೆ, ಗದ್ದ ಬೇರೆ ನೋಡುತ್ತಿದ್ದಳು. ಮಾಮಾ ಅದನ್ನು ಕಂಡೂ ಕಾಣದವನಂತೆ, ಮರುವಾರ ಚಿತ್ರವನ್ನು ಇನ್ನಷ್ಟು ದೊಡ್ಡದಾಗಿ ತೆಗೆಸಿ ತರುತ್ತಿದ್ದ.

ಒಂದು ಶನಿವಾರ ರಾತ್ರಿ ಮಾಮಾನ ಮನೆಯಲ್ಲೇ ಉಳಿದು, ಭಾನುವಾರ ನಾನೂ ಬೆಳಗಾವಿಯಿಂದ ಅವನ ಜೊತೆಗೇ ಹೊರಟಿದ್ದೆ. ದೇಸೂರಿನಲ್ಲಿ ಗಾಡಿ ಕ್ರಾಸಿಂಗಿಗೆ ನಿಂತಿತು. ಮಾಮಾ ಪಾಕೀಟಿನಿಂದ ಚಿತ್ರ ಹೊರಗೆ ತೆಗೆದವನು ತಲೆಗೆ ಕೈ ಹಚ್ಚಿದ.

“ಅಳಿಯಾ, ಘಾತ ಆತಲೇ! ನಡುವಿಂದ ತಂದೇನಿ.”

ಒಂದೊಂದು ಹಂತವನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಡುವುದು ಆತನ ಪದ್ಧತಿ. ಅಂಗಡಿಯಲ್ಲಿ ಗದ್ದಲವಿದ್ದು, ಕೊನೆಯ ಚಿತ್ರದ ಬದಲು ಅರ್ಧಕ್ಕಿದ್ದದ್ದನ್ನು ತೆಗೆಸಿಕೊಂಡು ಬಂದಿದ್ದ. ಸೆರಗು, ನತ್ತು, ಬೈತಲೆ ಎಲ್ಲ ಇತ್ತು. ಆದರೆ ವಯಸ್ಸು ಇಳಿಸಿರಲಿಲ್ಲ. ಮಾಮಾನ ಸುಕ್ಕು, ಕಣ್ಣಿನ ಕೆಳಗಿನ ಚೀಲ, ಜೋತ ಕೆನ್ನೆ, ಅಷ್ಟೂ ಸೆರಗಿನೊಳಗೆ ಹಾಗೇ ಇದ್ದವು. ಒಬ್ಬ ಮುದುಕಿ.

“ಇದನ್ನ ತೋರಸೂದು ಬ್ಯಾಡ. ಮರತ ಬಂದೇನಿ ಅನ್ನೂಣು” ಎಂದ. ಆದರೆ ನಮ್ಮವ್ವ ಹೊಸ್ತಿಲಲ್ಲೇ ಕೈ ಚಾಚಿಕೊಂಡು ನಿಂತಿದ್ದಳು. ಸುಳ್ಳು ಹೇಳಿದರೆ ಆಕೆಗೆ ದನಿಯಲ್ಲೇ ಗೊತ್ತಾಗುತ್ತಿತ್ತು.

ಅಂಗಳದ ಬಿಸಿಲಿಗೆ ಒಯ್ದು ನೋಡಿದಳು. ಹಣೆ ನೋಡಿದಳು. ಮೂಗಿಗೆ ಬಂದಳು. ಗದ್ದಕ್ಕೆ ಬಂದಳು. ಮತ್ತೆ ಹಣೆಗೆ ಹೋದಳು.

“ಅಕ್ಕಾ, ಅದು ತಪ್ಪ ಪ್ರತಿ” ಎಂದ ಮಾಮಾ. “ವಯಸ್ಸ ತಗೀಬೇಕಿತ್ತು, ತಗದಿಲ್ಲ.”

“ಸುಮ್ಮನಿರೋ.”

ಕಾಗದವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಸರಿಸಿ ಆಕೆ ಹೇಳಿದಳು: “ಇಷ್ಟ ಮುದುಕಿ ಆಗೂತನಾ ಅವ್ವ ಇರಲೇ ಇಲ್ಲಲೋ ತಮ್ಮಾ.”

“ಅದಕ್ಕಽ ಅಂದೆ, ತಪ್ಪ ಪ್ರತಿ ಅಂತ.”

“ತಪ್ಪಲ್ಲ. ಇದ್ದಿದ್ದರ ಹಿಂಗಽ ಇರತಿದ್ಲು.”

ಮಾಮಾ ಕೈಯಲ್ಲಿದ್ದ ಖಾಲಿ ಪಾಕೀಟನ್ನು ಎರಡಾಗಿ ಮಡಚಿದ, ನಾಲ್ಕಾಗಿ ಮಡಚಿದ. ಅಷ್ಟು ಹೊಲ ಅಳೆದವನಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟ.

ನಮ್ಮವ್ವ ಎಡಗೈಯಲ್ಲಿ ಚಿತ್ರ ಹಿಡಿದುಕೊಂಡೇ ಅವನ ಬಳಿ ಬಂದು, ಬಲಗೈಯನ್ನು ಅವನ ಬೋಳುತಲೆಯ ಮೇಲಿಟ್ಟಳು. ಆಮೇಲೆ ಕಾಗದವನ್ನು ಕಣ್ಣಿನ ಹತ್ತಿರ ತಂದು ಅದಕ್ಕೆ ಹೇಳಿದಳು:

“ನೋಡಬೇ ಯವ್ವಾ, ದೊಡ್ಡಾಂವ ಆಗ್ಯಾನ. ಸೊಂಟದ ಮ್ಯಾಲಿಂದ ಕೆಳಗ ಇಳಿಸದಽ ನೋಡಿಕೊಂಡೇನಿ.”